ನಾಲ್ಕು ಚುಕ್ಕಿ ಎರಡು – ಕಂತು ಏಳು: ಬಾಯಿ ಮುಚ್ಚಿಸಿದ ಸಾಲು

“ಬಾಗಿಲು ತೆಗೀತೀಯೋ, ಒದ್ದು ಮುರೀಲೋ?”

ಕರಡಮ್ಮ ಮೂರನೇ ಸಲ ಬಡಿದಾಗ ಆ ಮಹಡಿಯ ಅಷ್ಟೂ ಮನೆಗಳ ಬಾಗಿಲು ತೆರೆದವು. ತೆರೆಯದೆ ಉಳಿದದ್ದು ಅವಳು ಬಡಿಯುತ್ತಿದ್ದ ಬಾಗಿಲೊಂದೇ. ಎದುರು ಮನೆಯಾಕೆ ಪೊರಕೆ ಹಿಡಿದು ನೋಡುತ್ತ ನಿಂತಳು. ಕರಡಮ್ಮ ಒಮ್ಮೆ ತಿರುಗಿ ನೋಡಿದ್ದೇ ತಡ, ಪೊರಕೆ ಒಳಗೆ ಹೋಯಿತು, ಬಾಗಿಲು ಮುಚ್ಚಿತು.

ಕೊನೆಗೆ ಚಿಲಕ ಸರಿಯಿತು. ನಾದಿನಿ ಬಾಚದ ತಲೆಯಲ್ಲಿ ನಿಂತಿದ್ದಳು. ಕಣ್ಣ ಕೆಳಗೆ ಕಪ್ಪು.

“ಊರಿಗೆಲ್ಲ ಕೇಳಿಸಬೇಕಾ ಅತ್ತಿಗೆ? ಪೇಪರಿನಲ್ಲಿ ಬಂದಿದ್ದು ಸಾಲದಾ?”

“ಕೇಳಿಸಲಿ. ಊರಿಗೆ ಕಿವಿ ಇರೋದೇ ಅದಕ್ಕೆ. ಪಕ್ಕಕ್ಕೆ ಸರಿ.”

ನೀರಿನ ಮಂಡಳಿಯ 412ನೇ ತೂಬು ತಾನಾಗಿ ತೆರೆದುಕೊಂಡು, ಸುರಂಗದೊಳಗೆ ಗಾರೆ ಬಳಿಯುತ್ತಿದ್ದ ಮೇಸ್ತ್ರಿ ಕೊಚ್ಚಿಹೋಗಿ ಹತ್ತು ದಿನವಾಗಿತ್ತು. ತೂಬು ತೆರೆಸಿದ ಕೋಡಿನ ಸಾಲು ನಾದಿನಿಯದೆಂದು ಮಂಡಳಿ ಅವಳನ್ನು ಅಮಾನತು ಮಾಡಿತ್ತು. ಸತ್ತವನ ಹೆಂಡತಿ ಮಾತ್ರ ಸತ್ಯ ಹುಡುಕಿಕೊಡಿ ಎಂದು ಬಂದದ್ದು, ಎಲ್ಲ ಗೊತ್ತಿದ್ದೂ, ಆರೋಪಿಯ ಅತ್ತಿಗೆಯ ಬಳಿಗೇ.

“ತಪ್ಪು ನಿಮ್ಮ ಮನೆಯವರದೇ ಆದರೂ ನೀವು ಮುಚ್ಚಿಡೋರಲ್ಲ ಅಂತ ಅಚ್ಚುಕೂಟದವರು ಹೇಳಿದರು ಅಕ್ಕ,” ಎಂದಿದ್ದಳು ಅವಳು.

ಅಚ್ಚುಕೂಟದವರು ಹೇಳಿದ್ದು ಸುಳ್ಳಲ್ಲ. ಇಪ್ಪತ್ತೆರಡು ವರ್ಷ ಅಲ್ಲಿ ಕರಡು ತಿದ್ದಿ, ಆಮೇಲೆ ಪತ್ತೇದಾರಿಕೆಗೆ ಇಳಿದವಳು ಕರಡಮ್ಮ. ಆ ಹೆಸರು ಅಂಟಿದ್ದೂ ಅಲ್ಲೇ. ಸಿಟ್ಟು ಕಂಡವರು ಬೆನ್ನ ಹಿಂದೆ ಅದಕ್ಕೊಂದು ಗುಡಿಸು ಸೇರಿಸಿ ‘ಕರಡಿಯಮ್ಮ’ ಎನ್ನುತ್ತಿದ್ದರು. ಅದೂ ಅವಳಿಗೆ ಗೊತ್ತಿತ್ತು. ತಿದ್ದಲು ಹೋಗಿರಲಿಲ್ಲ.

ಅವಳು ಎರಡು ಹಾಳೆಗಳನ್ನು ಊಟದ ಮೇಜಿನ ಮೇಲೆ ಅಪ್ಪಳಿಸಿದಳು. ತೊಳೆಯದ ಲೋಟವೊಂದು ಹಾರಿ ಬಿತ್ತು.

“ವಿಚಾರಣೆ ಕಡತದಲ್ಲಿ ಸಿಕ್ಕಿದ್ದು. ನೀನು ಬರೆದ ಫೈಲನ್ನ ಅಕ್ಷರ ಅಕ್ಷರ ಹೋಲಿಸಿ ನೋಡಿದೆ. ಆರು ವರ್ಷದಿಂದ ಒಂದು ಅಲ್ಪವಿರಾಮ ಕೂಡ ಬದಲಾಗಿಲ್ಲ. ಆದರೆ ಇದು ನೋಡು. ಇಡೀ ಪ್ರೋಗ್ರಾಮಿನ ಸೆಟ್ಟಿಂಗ್ ಇರೋ ಹಾಳೆ. ಹಳೇದರಲ್ಲಿ ಮೂವತ್ತೊಂದು ಸಾಲು. ಹೊಸದರಲ್ಲಿ ಮೂವತ್ತೆರಡು. ಈ ಹದಿನೇಳನೇ ಸಾಲು ಎಲ್ಲಿಂದ ಉದುರಿತು?”

ಕೆಂಪು ಪೆನ್ಸಿಲಿನ ಗೆರೆಯ ಮೇಲೆ ನಾದಿನಿಯ ಕಣ್ಣು ನಿಂತಿತು.

“ಇದನ್ನ ಯಾರು ಹಾಕಿದ್ದು?”

“ಅದನ್ನೇ ನಾನು ನಿನ್ನ ಕೇಳ್ತಿರೋದು! ಏನದು?”

“ಓವರ್‌ಲೋಡೆಡ್ ಸ್ಟ್ರಿಂಗ್ಸ್.”

“ನನಗರ್ಥ ಆಗೋ ಹಾಗೆ ಹೇಳು. ನಾನು ಓದಿರೋದು ಹತ್ತನೇ ಕ್ಲಾಸು.”

ನಾದಿನಿ ಕುರ್ಚಿ ಎಳೆದು ಕೂತಳು. ಅತ್ತೆಯ ಕೊನೆಯ ಕಾಯಿಲೆಯಲ್ಲಿ ಯಾರು ಎಷ್ಟು ದಿನ ನೋಡಿಕೊಂಡರು ಎಂಬ ಜಗಳ ಶುರುವಾಗಿ ನಾಲ್ಕು ವರ್ಷ. ಅಂದಿನಿಂದ ಇಬ್ಬರೂ ಹೀಗೆ ಒಂದೇ ಮೇಜಿಗೆ ಕೂತದ್ದಿರಲಿಲ್ಲ.

“ನಾವು ಕೋಡು ಬರೆಯೋದು ಫಂಕ್ಷನಲ್ ಭಾಷೇಲಿ ಅತ್ತಿಗೆ, ಒಂದೊಂದು ಕೆಲಸಕ್ಕೆ ಒಂದೊಂದು ಫಂಕ್ಷನ್ನು. ಅದರಲ್ಲಿ ಎಲ್ಲದಕ್ಕೂ ಒಂದು ಬಗೆ ಅಂತ ಇರುತ್ತೆ. ಇದು ಅಂಕಿ, ಇದು ಹೆಸರು, ಇದು ಮಾದರಿ, ಹೀಗೆ. ಒಂದು ಬಗೆ ಕೇಳಿದ ಕಡೆ ಇನ್ನೊಂದು ಕೊಟ್ಟರೆ ಕಂಪೈಲರ್ ಒಪ್ಪಲ್ಲ. ಕಂಪೈಲರ್ ಅಂದರೆ, ಕೋಡು ಓಡೋ ಮುಂಚೆ ಅದನ್ನ ಓದಿ ತಪ್ಪು ಹಿಡಿಯೋದು. ನಿಮ್ಮ ಥರ.”

“ಹ್ಞೂಂ. ಮುಂದೆ.”

“ಉದ್ಧರಣ ಚಿಹ್ನೆಯೊಳಗೆ ಏನಾದರೂ ಬರೆದರೆ ಅದು ಬರೀ ಪದ. ಹಿಂದಿನಿಂದ ಹಾಗೇ. ಆದರೆ ಈ ಸಾಲು ಹಾಕಿದರೆ ಆ ನಿಯಮ ಸಡಿಲ ಆಗುತ್ತೆ. ಒಳಗಿರೋದು ಯಾವ ಬಗೆ ಅನ್ನೋದನ್ನ ಬರೆದೋರು ತೀರ್ಮಾನ ಮಾಡಲ್ಲ, ತಗೊಳ್ಳೋ ಫಂಕ್ಷನ್ನು ಮಾಡುತ್ತೆ. ಅದಕ್ಕೆ ಹೆಸರು ಬೇಕಿದ್ದರೆ ಹೆಸರು. ಮಾದರಿ ಬೇಕಿದ್ದರೆ ಮಾದರಿ.”

“ಅಕ್ಷರ ಅದೇ?”

“ಅಕ್ಷರ ಅದೇ. ಒಂದು ಚೀಟಿ ಮೇಲೆ ‘ಹರಿ’ ಅಂತ ಬರೆದುಕೊಟ್ಟೆ ಅಂದುಕೊಳ್ಳಿ. ಗುಮಾಸ್ತನ ಕೈಗೆ ಹೋದರೆ ಕಾಗದ ಹರಿದು ಹಾಕ್ತಾನೆ. ತೂಬಿನವನ ಕೈಗೆ ಹೋದರೆ ನೀರು ಹರೀಲಿ ಅಂತ ತೂಬು ಎತ್ತುತ್ತಾನೆ. ನಾನು ಬರೆದಿದ್ದು ಒಂದೇ ಪದ.” ಅವಳು ಉಸಿರೆಳೆದುಕೊಂಡಳು. “ಅದು ಕೆಟ್ಟದ್ದೇನಲ್ಲ. ತುಂಬ ಅನುಕೂಲ, ಬಹಳ ಜನ ಬಳಸ್ತಾರೆ. ಯಾರ ಕೈಗೆ ಹೋಗುತ್ತೆ ಅಂತ ಗೊತ್ತಿರಬೇಕು, ಅಷ್ಟೆ.”

“ನೀನು ಬರೆದಿದ್ದು ಏನು?”

“ತೆರೆ, ಉದ್ಧರಣ ಚಿಹ್ನೆಯೊಳಗೆ 4.2. ನಾಲ್ಕನೇ ಕಾಲುವೆಯ ಎರಡನೇ ತೂಬು. ಆಗ ‘ತೆರೆ’ ಅನ್ನೋ ಫಂಕ್ಷನ್ನು ತೂಬಿನ ಹೆಸರು ಕೇಳ್ತಿತ್ತು. ಚುಕ್ಕಿ ಅಂದರೆ ಚುಕ್ಕಿ.” ನಾದಿನಿಯ ದನಿ ಕುಗ್ಗಿತು. “ಅದು ಹೆಸರಿನ ಬದಲು ಮಾದರಿ ಕೇಳೋ ಹಾಗೆ ಯಾರಾದರೂ ಬದಲಾಯಿಸಿದ್ದರೆ… ಮಾದರಿ ಅಂದರೆ ಹೊಂದೋ ಹೆಸರನ್ನೆಲ್ಲ ಒಟ್ಟಿಗೆ ಹಿಡಿಯೋ ಅಚ್ಚು. ಅದರಲ್ಲಿ ಚುಕ್ಕಿಗೆ ಬೇರೆ ಅರ್ಥ ಅತ್ತಿಗೆ. ಇಲ್ಲಿ ಯಾವ ಅಕ್ಷರ ಬಂದರೂ ಆದೀತು ಅಂತ.”

ಕರಡಮ್ಮ ಪೆನ್ಸಿಲ್ ತೆಗೆದು ಹಾಳೆಯ ಅಂಚಿನಲ್ಲಿ ಒಂದರ ಕೆಳಗೊಂದು ಬರೆದಳು. 4.2. 402. 412.

ಮೂರನೆಯದನ್ನು ಬರೆಯುವಾಗ ಪೆನ್ಸಿಲಿನ ಮೊನೆ ಮುರಿಯಿತು.

“ಹಾಗಾದರೆ ಒಂದು ತೂಬು ತೆರೀಬೇಕಾದ ಕಡೆ ಎರಡು ತೆರೀತು.”

“402 ಇಲ್ಲ, 422 ಇಲ್ಲ, ಹಾಗೆ ಹೊಂದೋ ಬೇರೆ ತೂಬೇ ಇಲ್ಲ. 412 ಇದೆ. ಹೋದ ವರ್ಷ ಕೊಟ್ಟ ಹೊಸ ನಂಬರು.” ನಾದಿನಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. “ಈ ಹಾಳೆ ನನಗೆ ತೋರಿಸಲೇ ಇಲ್ಲ. ನನ್ನ ಸಾಲು ತೋರಿಸಿದರು, ಎದುರಿಗೆ ನನ್ನ ಹೆಸರು ತೋರಿಸಿದರು, ಬ್ಯಾಡ್ಜು ಕಿತ್ತುಕೊಂಡರು. ನಾನೇ ಕೊಂದೆ ಅಂದುಕೊಂಡಿದ್ದೆ ಅತ್ತಿಗೆ. ಒಂಬತ್ತು ದಿನ.”

ಸಮಾಧಾನ ಹೇಳುವುದು ಕರಡಮ್ಮನಿಗೆ ಬರುತ್ತಿರಲಿಲ್ಲ. ಅವಳು ಬಿದ್ದ ಲೋಟವನ್ನೆತ್ತಿ, ತೊಳೆದು, ನೀರು ತುಂಬಿ ನಾದಿನಿಯ ಮುಂದೆ ಕುಕ್ಕಿದಳು.

“ಕುಡಿ. ತಲೆ ಬಾಚಿಕೋ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದಾರೆ, ಹಾಕಿದವನ ಕೈ ನೋಡಿ ಬರ್ತೀನಿ.”

*

ಮಂಡಳಿಯ ನಿಯಂತ್ರಣ ಕೊಠಡಿಯಲ್ಲಿ ಗೋಡೆಯುದ್ದಕ್ಕೂ ಒಂದು ಹಲಗೆ. ಅದರ ಮೇಲೆ ಕಾಲುವೆಗಳ ಗೆರೆ, ತೂಬಿಗೊಂದು ದೀಪ. ಮುಚ್ಚಿದ್ದಕ್ಕೆ ಹಸಿರು, ತೆರೆದದ್ದಕ್ಕೆ ಕೆಂಪು. 412ರ ದೀಪಕ್ಕೆ ಯಾರೋ ಕಪ್ಪು ಟೇಪು ಅಂಟಿಸಿದ್ದರು.

ಆ ಟೇಪು ಕಂಡೇ ಕರಡಮ್ಮನ ಪಿತ್ತ ನೆತ್ತಿಗೇರಿತು.

ಪ್ರೋಗ್ರಾಂ ವಿಭಾಗದ ಮುಖ್ಯಸ್ಥನನ್ನು ಕಚೇರಿಯವರು ನಗುಮೊಗದ ಸಾಹೇಬರು ಎನ್ನುತ್ತಿದ್ದರು. ಬೈಯುವಾಗಲೂ ನಗುತ್ತಿದ್ದ, ಅಮಾನತಿನ ಕಾಗದಕ್ಕೆ ಸಹಿ ಹಾಕುವಾಗಲೂ ನಕ್ಕಿದ್ದನಂತೆ. ಮೂಲೆಯಲ್ಲಿ ಸ್ಟೂಲಿನ ಮೇಲೆ ತೂಬಿನ ಕಾವಲುಗಾರ ತಾತ ಕೂತಿದ್ದ. ಹತ್ತು ದಿನದಿಂದ ದಿನವೂ ಕರೆಸಿ, ತೂಬು ತೆರೆದವನು ನೀನೇನಾ ಎಂದು ಅದನ್ನೇ ಕೇಳುತ್ತಿದ್ದರು, ಅವನು ಅಲ್ಲ ಎಂದು ಅದನ್ನೇ ಹೇಳುತ್ತಿದ್ದ.

“ಬನ್ನಿ ಮೇಡಂ. ಕೂತ್ಕೊಳ್ಳಿ. ನೀರು ತರಿಸಲಾ?” ಮುಖ್ಯಸ್ಥ ನಗುತ್ತ ಕುರ್ಚಿ ತೋರಿಸಿದ.

“ನಿಮ್ಮ ನೀರಿಂದ ಒಬ್ಬ ಸತ್ತಿದ್ದಾನೆ. ಬೇಡ.”

ನಗು ಸ್ವಲ್ಪ ಓರೆಯಾಯಿತು, ಬೀಳಲಿಲ್ಲ. ಕರಡಮ್ಮ ನಿಂತೇ ಇದ್ದಳು.

“ಸೆಟ್ಟಿಂಗ್ ಫೈಲಿನಲ್ಲಿ ಹದಿನೇಳನೇ ಸಾಲು. ಯಾರು ಹಾಕಿದ್ದು?”

“ನಾನ್ಯಾಕೆ ಹಾಕಲಿ ಮೇಡಂ?”

“ನೀವು ಹಾಕಿದಿರಿ ಅಂತ ನಾನೆಲ್ಲಿ ಅಂದೆ?”

ಮೂಲೆಯಿಂದ ತಾತ, ಯಾರಿಗೂ ಅಲ್ಲವೆಂಬಂತೆ, “ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ,” ಎಂದ.

“ನೀವು ಸುಮ್ಮನಿರಿ!” ಮುಖ್ಯಸ್ಥ ಗದರಿದ. ಆಮೇಲೆ ಕರಡಮ್ಮನ ಕಡೆ ತಿರುಗಿದ. ದನಿ ಮೆತ್ತಗಾಗಿತ್ತು. “ನೋಡಿ, ನಿಮಗೆ ತಾಂತ್ರಿಕ ವಿಷಯ…”

“ತಾಂತ್ರಿಕ ವಿಷಯ ನಾನೇ ಹೇಳ್ತೀನಿ, ತಪ್ಪಿದರೆ ತಿದ್ದಿ. ‘ತೆರೆ’ ಅನ್ನೋ ಫಂಕ್ಷನ್ನು ಹೆಸರು ಕೇಳ್ತಿತ್ತು. ಈಗ ಮಾದರಿ ಕೇಳುತ್ತೆ. ಯಾರು ಬದಲಾಯಿಸಿದ್ದು?”

ಅವನು ಟೈಯ ಗಂಟು ಸಡಿಲಿಸಿದ.

“ಪ್ರವಾಹ ಬಂದರೆ ಒಂದೇ ಸಲಕ್ಕೆ ಇಪ್ಪತ್ತು ತೂಬು ತೆರೆಯೋ ಸೌಲಭ್ಯ ಬೇಕು ಅಂತ ಮೇಲಿಂದ ಒತ್ತಡ ಇತ್ತು. ಮಾದರಿ ಕೊಟ್ಟರೆ ಅದಕ್ಕೆ ಹೊಂದೋ ತೂಬೆಲ್ಲ ಒಟ್ಟಿಗೆ ತೆರೀತವೆ. ಒಳ್ಳೇ ಕೆಲಸವೇ ಮೇಡಂ. ಬದಲಾಯಿಸಿದ ಕೂಡಲೇ ಇನ್ನೂರಾರು ಕಡೆ ಕಂಪೈಲರ್ ತಪ್ಪು ತೋರಿಸಿತು. ಒಂದೊಂದೇ ನೋಡ್ತಾ ಕೂತರೆ ಎರಡು ವಾರ. ಆ ಒಂದು ಸಾಲು ಹಾಕಿದೆ. ಎಲ್ಲ ತಪ್ಪೂ ಹೋಯಿತು.”

“ಹೋಗಲಿಲ್ಲ. ಬಾಯಿ ಮುಚ್ಚಿಸಿದಿರಿ.”

“ಹಾಗಲ್ಲ…”

“ಹಾಗೇ!” ಅವಳ ಅಂಗೈ ಮೇಜಿಗೆ ಬಡಿಯಿತು. “ಇನ್ನೂರಾರು ತಪ್ಪಿಗೆ ಗುರುತು ಹಾಕಿ ಕಳಿಸಿದ ಕರಡನ್ನ ನಮ್ಮ ಅಚ್ಚುಕೂಟದಲ್ಲಿ ಯಾವನಾದರೂ ರಬ್ಬರ್ ತಗೊಂಡು ಗುರುತು ಉಜ್ಜಿ, ತಪ್ಪೆಲ್ಲ ಹೋಯಿತು ಅಂದಿದ್ದರೆ ಬಾಗಿಲಾಚೆ ನೂಕಿರೋರು. ಇಲ್ಲಿ ಹಾಗೆ ಮಾಡಿದವನಿಗೆ ಫ್ಯಾನು, ಕುರ್ಚಿ, ಟೈ!”

“ದಾಖಲೆ ಪ್ರಕಾರ ಆ ಸಾಲು ನಿಮ್ಮ ನಾದಿನಿಯದೇ ತಾನೇ?”

“ಅಕ್ಷರ ಅವಳದು. ಅರ್ಥ ನಿಮ್ಮದು. ಅವಳು ಬರೆದಾಗ ಅದು ಒಂದು ತೂಬಿನ ಹೆಸರು. ನೀವು ಅವಳ ಬೆನ್ನ ಹಿಂದೆ ಅದಕ್ಕೆ ಬೇರೆ ಅರ್ಥ ಕೊಟ್ಟಿರಿ. ಆಮೇಲೆ ಅಕ್ಷರ ತೋರಿಸಿ ಅವಳ ತಲೆ ಮೇಲೆ ಗೂಬೆ ಕೂರಿಸಿದಿರಿ. ಒಂಬತ್ತು ದಿನ ಆ ಹುಡುಗಿ ಕೊಲೆಗಾತಿ ಅಂದುಕೊಂಡು ಮನೇಲಿ ಕೂತಿದ್ದಾಳೆ. ನಿಮಗೆ ನಿದ್ದೆ ಹೇಗೆ ಬಂತು?”

ಮುಖ್ಯಸ್ಥ ಎದ್ದು ಕಿಟಕಿಯ ಬಳಿ ಹೋದ. ಕೆಳಗೆ ಅಂಗಳದಲ್ಲಿ ಪೈಪು ತುಂಬಿದ ಲಾರಿಯೊಂದು ಹಿಂದೆ ಮುಂದೆ ಹೋಗುತ್ತಿತ್ತು. ತಿರುಗಿದಾಗ ಅವನ ಮುಖದಲ್ಲಿ ನಗು ಮತ್ತೆ ಬಂದಿತ್ತು, ಈ ಸಲ ನಿಜವಾದ ನಗು.

“ಒಂದು ಪ್ರಶ್ನೆ ಕೇಳ್ತೀನಿ ಮೇಡಂ. ನಾನು ಆ ಸಾಲು ಹಾಕಿದ್ದು ಯಾವಾಗ ಗೊತ್ತಾ? ಅವನು ಸಾಯೋದಕ್ಕೆ ಮೂರು ವಾರ ಮುಂಚೆ. ನಾಲ್ಕು ಚುಕ್ಕಿ ಎರಡರ ತೂಬು, ಭಾನುವಾರ ಬಿಟ್ಟು, ದಿನಾ ಬೆಳಿಗ್ಗೆ ಹನ್ನೊಂದಕ್ಕೆ ತೆರೆಯುತ್ತೆ. ನಿಮ್ಮ ಮಾತು ನಿಜವಾದರೆ 412 ಕೂಡ ದಿನಾ ತೆರೀಬೇಕಿತ್ತು. ಸತ್ತ ದಿನ ಹತ್ತೊಂಬತ್ತನೇದು. ಅದಕ್ಕೆ ಮುಂಚೆ ಹದಿನೆಂಟು ಸಲ ಏನೂ ಆಗಲಿಲ್ಲವಲ್ಲ, ಯಾಕೆ?”

ಕರಡಮ್ಮ ಮೇಜಿನ ಮೇಲಿಂದ ಅಂಗೈ ತೆಗೆದಳು.

ಪ್ರಶ್ನೆ ಸರಿಯಾಗಿತ್ತು. ಸಿಟ್ಟಿನ ಭರದಲ್ಲಿ ಅವಳು ದಾಟಿ ಬಂದ ಸಾಲು ಅದು. ಕರಡು ತಿದ್ದುವವಳು ಮಾಡಬಾರದ ತಪ್ಪು.

“412ರ ದಾಖಲೆ ತೋರಿಸಿ,” ಎಂದಳು.

“ಅದೆಲ್ಲ ವಿಚಾರಣೆ ಸಮಿತಿಗೆ…”

“ಯಾರಾದರೂ ಓದಿದ್ದೀರಾ ಅದನ್ನ? ಹತ್ತು ದಿನದಲ್ಲಿ ಒಬ್ಬರಾದರೂ?”

ತಾತ ಸ್ಟೂಲಿನಿಂದ ಎದ್ದ. ಮಂಡಿ ಹಿಡಿದುಕೊಂಡು ಬಂದು, ತೂಬುಗಳ ದಾಖಲೆ ಅಚ್ಚು ಹಾಕುವ ಯಂತ್ರದ ಪಕ್ಕದ ಗೂಟಕ್ಕೆ ಸಿಕ್ಕಿಸಿದ್ದ ಉದ್ದನೆಯ ಕಾಗದದ ಸುರುಳಿಯನ್ನು ಬಿಚ್ಚಿ ಅವಳ ಮುಂದೆ ಹಾಸಿದ.

“ಇಗೋ ತಾಯಿ. ಕೇಳಿದೋರು ಇರಲಿಲ್ಲ, ಕೊಡಲಿಲ್ಲ.”

ಕರಡಮ್ಮ ಬೆರಳಿಟ್ಟು ಓದಿದಳು. ಮೊದಲನೇ ಮಂಗಳವಾರ, ಹನ್ನೊಂದು ಗಂಟೆ: 412 ತೆರೆಯಿತು, ಮೋಟಾರು. ಹನ್ನೊಂದು ಗಂಟೆ ನಾಲ್ಕು ನಿಮಿಷ: 412 ಮುಚ್ಚಿತು, ಕೈ. ಬುಧವಾರ, ಹನ್ನೊಂದು: ತೆರೆಯಿತು, ಮೋಟಾರು. ಹನ್ನೊಂದು ಮೂರು: ಮುಚ್ಚಿತು, ಕೈ. ಗುರುವಾರ. ಶುಕ್ರವಾರ. ಬೆರಳು ಇಳಿದಂತೆ ಹೊತ್ತು ಕಡಿಮೆಯಾಗುತ್ತ ಬಂತು. ಎರಡು ನಿಮಿಷ. ಒಂದೂವರೆ. ಒಂದು.

ಹದಿನೆಂಟು ಸಲ ತೆರೆದಿತ್ತು. ಹದಿನೆಂಟು ಸಲವೂ ಯಾರೋ ಮುಚ್ಚಿದ್ದರು.

ಮುಖ್ಯಸ್ಥ ಅವಳ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದ.

“ತಾತ, ‘ಕೈ’ ಅಂದರೆ ಏನು?”

“ಮೋಟಾರಲ್ಲ ಅಂತ ತಾಯಿ. ಚಕ್ರ ತಿರುಗಿಸಿ ಮುಚ್ಚಿದ್ದು. ಕೆಂಪು ಚಕ್ರ, ಇಷ್ಟಗಲ.”

“ಎಲ್ಲಿದೆ ಅದು?”

“ಸುರಂಗದ ಒಳಗೆ. ಹೊರಗಿಂದ ಮುಟ್ಟೋಕಾಗಲ್ಲ.”

“ಆ ಮೂರು ವಾರ ಒಳಗೆ ಯಾರಿದ್ದರು?”

ತಾತ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. “ಮೇಸ್ತ್ರಿ. ಅವನೊಬ್ಬನೇ.”

ಕರಡಮ್ಮನಿಗೆ ಕತ್ತಲ ಸುರಂಗದಲ್ಲಿ ಗಾರೆ ಬಳಿಯುವ ಕರಣೆ ಎಸೆದು ಓಡುವ ಮನುಷ್ಯ ಕಂಡ. ಮೊದಲ ದಿನ ಎದೆಮಟ್ಟದ ನೀರಿನಲ್ಲಿ ತಡಕಾಡಿ ನಾಲ್ಕು ನಿಮಿಷ. ಕೊನೆಗೆ ಗಡಿಯಾರ ನೋಡಿಕೊಂಡು, ಹನ್ನೊಂದಕ್ಕೆ ಮುಂಚೆಯೇ ಚಕ್ರ ಹಿಡಿದು ನಿಂತು ಒಂದು ನಿಮಿಷ. ಮತ್ತೆ ಹೋಗಿ ನೆನೆದ ಗಾರೆಯನ್ನು ಕೆರೆದು ಹೊಸದಾಗಿ ಬಳಿದಿದ್ದಾನೆ. ಇನ್ನೊಬ್ಬ ಕಣ್ಣು ಮುಚ್ಚಿ ಬಿಟ್ಟ ತಪ್ಪನ್ನು ಇವನು ದಿನಾ ಬರಿಗೈಯಲ್ಲಿ ತಿದ್ದಿದ್ದಾನೆ, ಹದಿನೆಂಟು ದಿನ.

ಅವಳ ಸಿಟ್ಟು ಈಗ ಕೂಗುವ ಸಿಟ್ಟಾಗಿ ಉಳಿದಿರಲಿಲ್ಲ. ಹಲ್ಲು ಕಚ್ಚಿದ್ದರಿಂದ ದವಡೆ ನೋಯುತ್ತಿತ್ತು.

“ಅವನು ಯಾರಿಗೂ ಹೇಳಲಿಲ್ಲವಾ?”

“ಹೇಳಿದ್ದ ತಾಯಿ, ಮೊದಲನೇ ದಿನವೇ. ನಾನು ಬರೆದು ಪ್ರೋಗ್ರಾಂ ವಿಭಾಗಕ್ಕೆ ಕಳಿಸಿದೆ. ಎರಡು ಸಲ.”

“ನನಗೆ ಬಂದಿಲ್ಲ!” ಮುಖ್ಯಸ್ಥ ಎರಡು ಹೆಜ್ಜೆ ಹಿಂದೆ ಸರಿದಿದ್ದ. ಅವನ ಮುಖದಲ್ಲಿ ನಗುವಿನ ಗುರುತೂ ಇರಲಿಲ್ಲ. “ಸತ್ಯವಾಗಿ ಹೇಳ್ತೀನಿ, ಅಂಥ ಕಾಗದ ನನ್ನ ಮೇಜಿಗೆ ಬಂದೇ ಇಲ್ಲ.”

ಅವನು ಸುಳ್ಳು ಹೇಳುತ್ತಿಲ್ಲ ಎನಿಸಿತು ಕರಡಮ್ಮನಿಗೆ. ಅದು ಅವಳ ಸಿಟ್ಟನ್ನು ಇನ್ನೂ ಹೆಚ್ಚಿಸಿತು.

ಸುರುಳಿಯ ಕೊನೆ. ಹತ್ತೊಂಬತ್ತನೇ ಸಲ, ಮಂಗಳವಾರ, ಹನ್ನೊಂದು ಗಂಟೆ: ತೆರೆಯಿತು, ಮೋಟಾರು. ಅದರ ಕೆಳಗೆ ‘ಕೈ’ ಇರಲಿಲ್ಲ. ನಲವತ್ತು ನಿಮಿಷ ಬಿಟ್ಟು, ‘ಮುಚ್ಚಿತು, ಮೋಟಾರು’.

ಅವಳು ಚೀಲದಿಂದ ಪೊಲೀಸರ ಫೋಟೋಗಳನ್ನು ತೆಗೆದು ಒಂದೊಂದಾಗಿ ಮೇಜಿನ ಮೇಲಿಟ್ಟಳು. ನಾಲ್ಕನೆಯದರಲ್ಲಿ 412ರ ಒಳಬದಿ. ತಾತ ಕನ್ನಡಕ ಏರಿಸಿ ಬಗ್ಗಿದ.

“ಅಯ್ಯೋ. ಚಕ್ರವೇ ಇಲ್ಲವಲ್ಲ ತಾಯಿ!”

ಗೋಡೆಯಿಂದ ಒಂದು ಬೋಳು ಕಬ್ಬಿಣದ ತುಂಡು ಮಾತ್ರ ಚಾಚಿಕೊಂಡಿತ್ತು.

ಕರಡಮ್ಮ ಮೊಬೈಲು ತೆಗೆದು ಮೇಸ್ತ್ರಿಯ ಹೆಂಡತಿಗೆ ಕರೆ ಮಾಡಿದಳು. ಇಬ್ಬರೂ ಕೇಳಲಿ ಎಂದು ಸ್ಪೀಕರ್ ಹಾಕಿ ಮೇಜಿನ ನಡುವೆ ಇಟ್ಟಳು. ಆ ಕಡೆ ಹೊಲಿಗೆ ಯಂತ್ರ ಓಡುತ್ತಿತ್ತು. ಆಮೇಲೆ ನಿಂತಿತು.

“ನಾನಮ್ಮ. ನಿನ್ನ ಗಂಡ ಹನ್ನೊಂದು ಗಂಟೆ ನೀರಿನ ವಿಷಯ ಏನಾದರೂ ಹೇಳ್ತಿದ್ದರಾ?”

“ಹೂಂ ಅಕ್ಕ, ದಿನಾ ಬಂದು ಬೈಕೋತಿದ್ದರು. ಒದ್ದೆ ಬಟ್ಟೆ ನಾನೇ ಹಿಂಡ್ತಿದ್ದೆ. ಆದರೆ ಸೋಮವಾರ ಖುಷಿಯಾಗಿದ್ದರು. ಅಂತೂ ಸರಿ ಮಾಡಿದರು, ನಾಳೆಯಿಂದ ನೀರು ಬರಲ್ಲ ಅಂದರು.”

“ಯಾರು ಸರಿ ಮಾಡಿದರು?”

“ಆಫೀಸಿನೋರು ಚೀಟಿ ಕಳಿಸಿದ್ದರಂತೆ.”

“ಅಲ್ಲಿ ಒಂದು ಕೆಂಪು ಚಕ್ರ ಇತ್ತಂತೆ. ಅದರ ವಿಷಯ ಏನಾದರೂ…”

“ಕೆಂಪು ಚಕ್ರಾನಾ? ಅದು ನಮ್ಮನೇಲೇ ಇದೆಯಲ್ಲಕ್ಕ, ಮಂಚದ ಕೆಳಗೆ. ಸೋಮವಾರ ಸಂಜೆ ಅವರೇ ಹೊತ್ತು ತಂದರು. ತುಕ್ಕು ಉಜ್ಜಿ ಎಣ್ಣೆ ಹಾಕಿ ತಗೊಂಡು ಬಾ ಅಂತ ಚೀಟಿಯಲ್ಲೇ ಬರೆದಿದ್ದರಂತೆ. ಆಮೇಲೆ ನಾನು ಅದನ್ನ ಮುಟ್ಟಿಲ್ಲ.”

ಮುಖ್ಯಸ್ಥ ಕುರ್ಚಿಗೆ ಒರಗಿದ. ತಾತ ಗೋಡೆಗೆ ಕೈ ಕೊಟ್ಟ.

“ಆ ಚೀಟಿ ಇದೆಯಾ?” ಕರಡಮ್ಮ ಮೊಬೈಲಿನತ್ತ ಬಾಗಿದಳು.

“ಚಕ್ರಕ್ಕೇ ಸುತ್ತಿ ಕಟ್ಟಿದ್ದರು. ತಾಳಿ, ನೋಡ್ತೀನಿ.”

ಮಂಚ ಎಳೆದ ಸದ್ದು. ಕಬ್ಬಿಣ ನೆಲಕ್ಕೆ ಉಜ್ಜಿದ ಸದ್ದು. ದಾರ ಬಿಚ್ಚಲು ಬರದೆ ಹಲ್ಲಿನಿಂದ ಕಡಿದಿರಬೇಕು, ಉಸಿರು ಜೋರಾಗಿ ಕೇಳಿಸಿತು. ಆಮೇಲೆ ಅವಳು ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದಳು.

“‘ಹನ್ನೊಂದು ಗಂಟೆಯ ನೀರನ್ನು ಸರಿಪಡಿಸಲಾಗಿದೆ. ನಾಳೆಯಿಂದ ಬರುವುದಿಲ್ಲ. ಚಕ್ರವನ್ನು ಬಿಚ್ಚಿ, ತುಕ್ಕು ತೆಗೆದು ತರುವುದು. ಪ್ರೋಗ್ರಾಂ ವಿಭಾಗ.’ ಸೋಮವಾರದ ತಾರೀಕು ಇದೆ. ಕೆಳಗೆ ಸಹಿ, ಸಹಿಯ ಕೆಳಗೆ ಹೆಸರು…”

ಮಾತು ನಿಂತಿತು.

“ಯಾರ ಹೆಸರು? ಓದಮ್ಮ.”

“ಅಕ್ಕ… ಇದು ನಿಮ್ಮ ನಾದಿನಿ ಹೆಸರು.”

ಕರಡಮ್ಮನ ಹೆಬ್ಬೆರಳು ಸ್ಪೀಕರಿನ ಗುಂಡಿ ಹುಡುಕಿತು, ಸಿಗಲಿಲ್ಲ. ಮುಖ್ಯಸ್ಥ ನಿಧಾನವಾಗಿ ತಲೆ ಎತ್ತಿ ಅವಳನ್ನೇ ನೋಡುತ್ತಿದ್ದ.

“ಅಕ್ಕ? ಲೈನಿನಲ್ಲಿದ್ದೀರಾ?”